ಪೂರಕ ಆಹಾರ, ಎಳೆಯ ಮಕ್ಕಳ

ಮಗುವಿಗೆ 6 ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಉಣಿಸತೊಡಗುವ ಮೆತ್ತನೆಯ ಅಥವಾ ಗಟ್ಟಿ ಆಹಾರಕ್ಕೆ ಪೂರಕ ಆಹಾರವೆಂದು ಹೆಸರು. ಎದೆಹಾಲು ಸಾಕಷ್ಟು ದೊರೆಯುವ ಮಗುವಿಗೂ 6–8 ತಿಂಗಳ ವಯಸ್ಸಿನಲ್ಲಿ ದಿನಕ್ಕೆ ಸುಮಾರು 200, ಎರಡನೆಯ ವರ್ಷದಲ್ಲಿ ಸುಮಾರು 550 ಕಿಲೋಕ್ಯಾಲೊರಿಗಳಷ್ಟು ಶಕ್ತಿ ಇದರಿಂದಲೇ ಒದಗಬೇಕಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 6–23 ತಿಂಗಳ ಮಕ್ಕಳ ಪೈಕಿ ಸಮರ್ಪಕ ಆಹಾರ ದೊರೆತದ್ದು ಶೇ. 11ರಷ್ಟು ಮಕ್ಕಳಿಗೆ ಮಾತ್ರ. ತಾಯಿಯ ಅರಿವಿನ ಕೊರತೆಯನ್ನೇ ಇದಕ್ಕೆ ಕಾರಣವಾಗಿ ಹೇಳುವುದು ವಾಡಿಕೆಯಾದರೂ, ಮನೆಯಲ್ಲಿ ಆಕೆಗಿರುವ ಅಧಿಕಾರ ಮತ್ತು ಬಿಡುವುಗಳನ್ನು ಗಣಿಸದ ವಿವರಣೆ ಅಪೂರ್ಣವೇ ಸರಿ.

ಕರ್ನಾಟಕದಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ ನಡೆದು, ಕೆಲವು ತಿಂಗಳ ಬಳಿಕ ತಾಯಿ ಮಗುವಿನೊಡನೆ ಗಂಡನ ಮನೆಗೆ ಮರಳುವ ರೂಢಿಯಿರುವುದರಿಂದ, ಅನ್ನಪ್ರಾಶನದ ಹೊತ್ತಿಗೆ ಒಲೆಯ ಯಜಮಾನಿಕೆ ಅನೇಕ ಕಡೆ ಅತ್ತೆಯದಾಗಿರುತ್ತದೆ. ಬಾಳೆಹಣ್ಣು ಶೀತ, ಮೊಟ್ಟೆ ಉಷ್ಣ, ಬೇಳೆ ಅರಗದು ಎಂಬ ನಂಬಿಕೆಗಳಿರುವಲ್ಲಿ ಮಗುವಿನ ಪಾಲಿಗೆ ಉಳಿಯುವುದು ಅನ್ನದ ಗಂಜಿ ಮತ್ತು ಬೇಳೆಕಟ್ಟಿನ ತಿಳಿ. ಇವು ಹೊಟ್ಟೆ ತುಂಬಿಸಿದರೂ ಪುಷ್ಟಿ ಕೊಡುವುದು ಅಲ್ಪ.

ಆದರೆ ಹಿರಿಯರ ತಿಳಿವಳಿಕೆಯೆಲ್ಲ ತೊಡಕೆಂದು ಭಾವಿಸಲಾಗದು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳುವಸ್ತ್ರದಲ್ಲಿ ಸೋಸಿದ ಹಿಟ್ಟಿನಿಂದ ಕಾಯಿಸುವ ರಾಗಿಸರಿ ಅವರದೇ ಕೊಡುಗೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು (ಪಿಷ್ಟವನ್ನು ಒಡೆಯುವ ಪದಾರ್ಥ) ಸರಿ ಗಟ್ಟಿಯಾಗದಂತೆ ತೆಳುವಾಗಿಸುವುದರಿಂದ, ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟೇ ಗಾತ್ರದಲ್ಲಿ ಹೆಚ್ಚು ಹಿಟ್ಟನ್ನು ಸೇರಿಸಬಹುದು. ಹಲವು ದಿನ ಹಿಡಿಯುವ ಈ ಕೆಲಸ ಬೆಳಗಾದರೆ ಕೂಲಿಗೆ ಹೊರಡುವ ತಾಯಿಗೆ ಎಟುಕುವುದಿಲ್ಲ. ಮಗುವನ್ನು ನೋಡಿಕೊಳ್ಳುವ ಅಕ್ಕನ ಕೈಯಲ್ಲಿ ಚಹಾದಲ್ಲಿ ಅದ್ದಿದ ಬಿಸ್ಕತ್ತೇ ಊಟವಾಗುತ್ತದೆ. ಸಂಬಳದ ಉದ್ಯೋಗದಲ್ಲಿರುವವರಿಗೂ ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದ 26 ವಾರಗಳ ಹೆರಿಗೆ ರಜೆ ಮುಗಿಯುವುದು ಪೂರಕ ಆಹಾರ ಆರಂಭವಾಗುವ ವೇಳೆಗೇ.

ತಾಯಿಯ ಶಿಕ್ಷಣ, ಕುಟುಂಬದ ಆದಾಯ, ಹೆರಿಗೆಗಳ ನಡುವಿನ ಅಂತರ ಇವು ಕೂಡ ಪರಿಣಾಮ ಬೀರುತ್ತವೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ 6 ತಿಂಗಳಿಂದ 3 ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಒಯ್ಯುವ ಆಹಾರ ದೊರೆಯುತ್ತದೆ. ಬಡ ಮನೆಗಳಲ್ಲಿ ಅದನ್ನು ಎಲ್ಲ ಮಕ್ಕಳೂ ಹಂಚಿಕೊಳ್ಳುವುದರಿಂದ ಕಿರಿಯದಕ್ಕೆ ಸೇರುವುದು ಅದರ ಒಂದಂಶವಷ್ಟೆ.