ಕಾರ್ಬುರೇಟರ್

ಗ್ಯಾರೇಜುಗಳಲ್ಲಿ ಇದು ‘ಕಾರ್ಬೊರೇಟರ್’, ಅವಸರವಿದ್ದರೆ ‘ಕಾರ್ಬೇಟರ್’. ಬೇರು ಲ್ಯಾಟಿನ್ನಿನ ‘ಕಾರ್ಬೊ’, ಅಂದರೆ ಇದ್ದಿಲು. ಇಂಗ್ಲಿಷಿಗೆ ಬಂದದ್ದು ಫ್ರೆಂಚಿನ ದಾರಿಯಲ್ಲಿ. ನಮ್ಮ ‘ಇಂಗಾಲ’ವೂ ಸಂಸ್ಕೃತದ ‘ಅಂಗಾರ’ ಪ್ರಾಕೃತದಲ್ಲಿ ತಳೆದ ರೂಪ. ಅದರ ಅರ್ಥವೂ ಕೆಂಡ, ಇದ್ದಿಲು. ಹಾಗೆಂದು ಯಾರಾದರೂ ‘ಇಂಗಾಲಕ’ ಎಂದು ಕನ್ನಡಿಸಿದರೆ ಯಾವ ಮೆಕ್ಯಾನಿಕ್ಕೂ ತಿರುಗಿ ನೋಡಲಾರ.

ಹತ್ತೊಂಬತ್ತನೇ ಶತಮಾನದಲ್ಲಿ ದೀಪದ ಅನಿಲಕ್ಕೆ ಹೈಡ್ರೋಕಾರ್ಬನ್ ಆವಿ ಬೆರೆಸಿ ಬೆಳಕು ಹೆಚ್ಚಿಸುವ ಕೆಲಸಕ್ಕೂ ಈ ಮಾತಿತ್ತು. ಆಮೇಲೆ ಅದು ಎಂಜಿನ್ನಿಗೆ ಗಾಳಿ–ಪೆಟ್ರೋಲು ಬೆರೆಸಿಕೊಡುವ ಸಾಧನಕ್ಕೆ ಅಂಟಿಕೊಂಡಿತು.

ಅಮೆರಿಕದ 1950ರ ದಶಕದ ಜಾನ್ಸನ್, ಎವಿನ್‌ರೂಡ್ ದೋಣಿ ಮೋಟಾರುಗಳ ಕಾರ್ಬುರೇಟರ್ ಬಿಚ್ಚಿದವರಿಗೆ ಒಳಗಿನ ಪದಗಳೂ ಪರಿಚಯವಾಗುತ್ತವೆ: ಬಟ್ಟಲು, ಫ್ಲೋಟ್, ನೀಡಲ್, ಜೆಟ್. ಫ್ಲೋಟ್ ಆಗ ಕಾರ್ಕಿನದು, ಮೇಲೆ ಅರಗಿನ ಲೇಪ. ಎಥನಾಲ್ ಬೆರೆತ ಇಂದಿನ ಪೆಟ್ರೋಲು ಆ ಅರಗನ್ನು ಕರಗಿಸುತ್ತದೆ. ಕಾರ್ಕ್ ಪೆಟ್ರೋಲು ಕುಡಿದು ಮುಳುಗುತ್ತದೆ, ನೀಡಲ್ ಮುಚ್ಚದೆ ಬಟ್ಟಲು ಉಕ್ಕುತ್ತದೆ. ಹಳೆಯ ಪೆಟ್ರೋಲು ಒಣಗಿ ಜೆಟ್ಟಿನಲ್ಲಿ ಕಟ್ಟುವ ಅಂಟಿಗೆ ಅಲ್ಲಿನವರು ‘ವಾರ್ನಿಷ್’ ಎನ್ನುತ್ತಾರೆ, ಅದೇ ಸರಿಯಾದ ಹೆಸರು. ತಂತಿಯಿಂದ ಕೆದಕಿದರೆ ರಂಧ್ರ ದೊಡ್ಡದಾಗುತ್ತದೆ. ಕ್ಲೀನರಿನಲ್ಲಿ ನೆನೆಸಿ ಗಾಳಿ ಊದುವುದೇ ಲೇಸು.

ನಮ್ಮ ಕರಾವಳಿಯ ನಾಡದೋಣಿಗಳ ಔಟ್‌ಬೋರ್ಡ್ ಎಂಜಿನುಗಳಲ್ಲಿ ಇದೇ ಕಾರ್ಬುರೇಟರ್‌ಗೆ ಸೀಮೆಎಣ್ಣೆಯ ಕೆಲಸ: ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ.