ಕಥೆಯನ್ನು ಕಳಚಿಕೊಂಡ ಹಾಡು

ಕಾಲೇಜಿನ ವಾರ್ಷಿಕೋತ್ಸವದ ಹಾಡುಗಳ ಪಟ್ಟಿಯನ್ನು ಪರಿಶೀಲಿಸುವ ಭಾರ ಕನ್ನಡ ಉಪನ್ಯಾಸಕನ ತಲೆಗೆ ಬರುವುದು ನಮ್ಮಲ್ಲಿ ವಾಡಿಕೆ. ಪದಗಳ ಅರ್ಥ ಬಲ್ಲವನೆಂಬ ನಂಬಿಕೆಯೋ, ಬೇರೆ ಕೆಲಸವಿಲ್ಲದವನೆಂಬ ಅನುಮಾನವೋ, ಹೇಳಲಾರೆ. ಒಂದು ವರ್ಷ ಆ ಪಟ್ಟಿಯಲ್ಲಿ ‘ದಮ್ ಮಾರೋ ದಮ್’ ಎಂದಿತ್ತು. ಕೆಂಪು ಪೆನ್ನು ಕೈಯಲ್ಲಿಯೇ ಇತ್ತು. ಹಿಂದಿನ ವರ್ಷವಷ್ಟೇ ಹಾಸ್ಟೆಲಿನ ಹುಡುಗನೊಬ್ಬ ಗಾಂಜಾ ಸೇದಿ ಸಿಕ್ಕಿಬಿದ್ದಿದ್ದ. ಅವನ ತಂದೆ ಬಂದು, ಯಾರೊಡನೆಯೂ ಮಾತನಾಡದೆ, ಮಗನ ಹಾಸಿಗೆಯನ್ನು ತಾವೇ ಸುತ್ತಿ ಹೆಗಲಿಗೇರಿಸಿಕೊಂಡು ಹೋದದ್ದನ್ನು ನಾನು ನೋಡಿದ್ದೆ. ಹಾಡನ್ನು ಹೊಡೆದುಹಾಕಲೇ, ಬಿಡಲೇ? ಆ ರಾತ್ರಿ ಅದರ ಪೂರ್ವೋತ್ತರವನ್ನು ಕೆದಕುತ್ತ ಕುಳಿತೆ.

ಹಾಡು ಬಂದದ್ದು 1971ರ ‘ಹರೇ ರಾಮ ಹರೇ ಕೃಷ್ಣ’ ಎಂಬ ಹಿಂದೀ ಚಿತ್ರದಲ್ಲಿ. ರಚನೆ ಆನಂದ್ ಬಕ್ಷಿಯವರದು, ಸಂಗೀತ ರಾಹುಲ್ ದೇವ್ ಬರ್ಮನ್ನರದು, ಕಂಠ ಆಶಾ ಭೋಸ್ಲೆಯವರದು. ನಿರ್ದೇಶಕರೂ ನಾಯಕರೂ ಆದ ದೇವ್ ಆನಂದರು ಕಠ್ಮಂಡುವಿನ ಹಿಪ್ಪಿಗಳ ನಡುವೆ ಭಾರತದ ಹುಡುಗಿಯೊಬ್ಬಳನ್ನು ಕಂಡು ಈ ಕಥೆ ಹೊಸೆದರಂತೆ. ಆಗ ಆ ಊರಿನಲ್ಲಿ ಚರಸ್ಸು ಪರವಾನಗಿ ಪಡೆದ ಅಂಗಡಿಗಳಲ್ಲಿಯೇ ಸಿಗುತ್ತಿತ್ತು. ನೇಪಾಳ ಸರ್ಕಾರ ಆ ಪರವಾನಗಿಗಳನ್ನು ರದ್ದುಮಾಡಿದ್ದು 1973ರಲ್ಲಿ. ಕಥೆಯೇನೋ ನೀತಿಪಾಠವೇ. ತಂದೆತಾಯಿ ಬೇರೆಯಾಗುತ್ತಾರೆ, ಅಣ್ಣತಂಗಿಯರು ಅಗಲುತ್ತಾರೆ, ತಾಯಿ ಸತ್ತಳೆಂದು ಮಗಳನ್ನು ನಂಬಿಸುತ್ತಾರೆ. ಅವಳು ಮನೆಬಿಟ್ಟು, ಜಸ್ಬೀರ್ ಎಂಬ ಹೆಸರನ್ನೂ ಬಿಟ್ಟು, ಜಾನಿಸ್ ಆಗಿ ಹೊಗೆಯಲ್ಲಿ ಮುಳುಗುತ್ತಾಳೆ. ಅಣ್ಣ ಹುಡುಕಿಕೊಂಡು ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಅವಳು ಪ್ರಾಣವನ್ನೇ ಕಳೆದುಕೊಳ್ಳುತ್ತಾಳೆ.

ಚಿತ್ರದಲ್ಲಿ ಈ ಹಾಡಿನ ಬೆನ್ನಿಗೇ ಇನ್ನೊಂದು ಹಾಡಿದೆ. ರಾಮನ ಹೆಸರಿಗೆ ಮಸಿ ಬಳಿಯಬೇಡಿರೆಂದು ಅಣ್ಣನು ಆ ಮಂದಿಗೆ ಬುದ್ಧಿ ಹೇಳುವ ಹಾಡು. ಹಾಡಿದವರು ಸಾಕ್ಷಾತ್ ಕಿಶೋರ್ ಕುಮಾರ್. ಗುನುಗುವವರನ್ನು ನಾನು ಕಂಡಿಲ್ಲ. ಬುದ್ಧಿ ಹೇಳುವ ಹಾಡುಗಳ ಹಣೆಬರಹವೇ ಅದು. ತಂಗಿಯ ಹಾಡು ಎಲ್ಲಿ ತಮ್ಮ ಚಿತ್ರವನ್ನೇ ನುಂಗಿಬಿಡುವುದೋ ಎಂದು ದೇವ್ ಆನಂದರಿಗೇ ಅಳುಕಿತ್ತೆಂದು ಹೇಳುತ್ತಾರೆ. ಅಳುಕು ಸುಳ್ಳಾಗಲಿಲ್ಲ.

ಆಕಾಶವಾಣಿ ಈ ಹಾಡಿಗೆ ಬಾಗಿಲು ಹಾಕಿತು. ಈ ಬಾಗಿಲು ಹಾಕುವ ಆಟ ಹೊಸತೇನಲ್ಲ. 1952ರಲ್ಲಿ ಬಿ. ವಿ. ಕೇಸ್ಕರರು ಮಂತ್ರಿಯಾದ ಮೇಲೆ ಚಿತ್ರಗೀತೆಗಳಿಗೆ ಆಕಾಶವಾಣಿಯಲ್ಲಿ ಎಡೆ ತಪ್ಪಿತು. ಕೇಳುಗರು ಮರುಮಾತಿಲ್ಲದೆ ರೇಡಿಯೋದ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ವಿವಿಧಭಾರತಿ ಹುಟ್ಟುವುದಕ್ಕೆ 1957ರವರೆಗೆ ಕಾಯಬೇಕಾಯಿತು. ಈ ಬಾರಿಯೂ ಅದೇ ನಡೆಯಿತು: ಬಿನಾಕಾ ಗೀತಮಾಲೆಯ 1972ರ ವಾರ್ಷಿಕ ಪಟ್ಟಿಯಲ್ಲಿ ಮೊದಲ ಸ್ಥಾನ ‘ದಮ್ ಮಾರೋ ದಮ್’ಗೇ. ಇನ್ನೂ ಒಂದು ಚೋದ್ಯವಿದೆ. ಹಾಡಿಗೆ ತಡೆಯಿದ್ದ ಆ ದಿನಗಳಲ್ಲಿ ದೇಶದ ಹಲವು ಕಡೆ ಗಾಂಜಾ ಅಬಕಾರಿ ಇಲಾಖೆಯ ಪರವಾನಗಿಯಲ್ಲಿಯೇ ಮಾರಾಟವಾಗುತ್ತಿತ್ತು. ಅದನ್ನು ಇಡೀ ದೇಶಕ್ಕೆ ನಿಷೇಧಿಸಿದ ಕಾನೂನು ಬಂದದ್ದು 1985ರಲ್ಲಿ. ಸರ್ಕಾರಕ್ಕೆ ಸೊಪ್ಪಿಗಿಂತ ಪದವೇ ಹೆಚ್ಚು ಭಯಂಕರವಾಗಿ ಕಂಡಿತೇನೋ!

ಹೊರದೇಶದವರು ನಮಗಿಂತ ಜಾಣರಾಗಿರಲಿಲ್ಲ. 1967ರಲ್ಲಿ ಬಿ.ಬಿ.ಸಿ. ಬೀಟಲ್ಸರ ಹಾಡೊಂದನ್ನು ಇದೇ ಶಂಕೆಯಿಂದ ತಡೆಯಿತು. 1971ರ ಮಾರ್ಚಿಯಲ್ಲಿ ಅಮೆರಿಕದ ಪ್ರಸಾರ ಆಯೋಗ, ತಾವು ಬಿತ್ತರಿಸುವ ಹಾಡಿನ ಮಾತುಗಳನ್ನು ರೇಡಿಯೋ ನಿಲಯದವರು ತಿಳಿದಿರಬೇಕೆಂದು ಎಚ್ಚರಿಸಿತು. ಅಲ್ಲಿ ಮಕ್ಕಳಿಗೆ ಪ್ರಿಯವಾದ ಒಂದು ಡ್ರ್ಯಾಗನ್ನಿನ ಹಾಡಿನಲ್ಲಿಯೂ ಹೊಗೆಯ ವಾಸನೆ ಹಿಡಿದವರಿದ್ದರು. ಬರೆದವರು ಅಲ್ಲವೆಂದು ಎಷ್ಟು ಹೇಳಿದರೂ ಗುಮಾನಿ ಹೋಗಲಿಲ್ಲ.

ಪದಗಳನ್ನು ಹೆಕ್ಕಿ ಪಟ್ಟಿ ಮಾಡುವುದಾದರೆ ನಮ್ಮ ಶಿಶುನಾಳ ಶರೀಫರನ್ನು ಎಲ್ಲಿಡುವುದು? ಗುಡುಗುಡಿಯನ್ನು ಸೇದಿ ನೋಡೆಂದು ಕರೆಯುವ ಅವರ ತತ್ವಪದವನ್ನು ನಾನೇ ತರಗತಿಯಲ್ಲಿ ವಿವರಿಸಿದ್ದೇನೆ. ಅಲ್ಲಿ ಹೊಗೆಯೂ ಹೊಗೆಯಲ್ಲ, ಬುರುಡೆಯೂ ಬುರುಡೆಯಲ್ಲ. ದೇಹ, ಮನಸ್ಸು, ಗುರುಬೋಧೆಗಳ ಮಾತು. ಆದರೆ ಶರೀಫರ ಪದ ಊರೂರು ಸುತ್ತಿದ್ದು ಭಜನೆಯ ಮೇಳದೊಡನೆ. ಅರ್ಥ ಹೇಳಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿರುತ್ತಿದ್ದರು. ಜಾನಿಸಳ ಹಾಡಿಗೆ ಅಂಥ ಜೊತೆಯಿಲ್ಲ. ಅದರ ಅರ್ಥ ಅವಳ ಸಾವಿನಲ್ಲಿದೆ. ಆ ಸಾವು ಚಿತ್ರಮಂದಿರದಲ್ಲಿಯೇ ಉಳಿಯಿತು, ಧಾಟಿ ಮಾತ್ರ ಬೀದಿಗೆ ಬಂತು. ಗಿಟಾರಿನ ಆ ಎಳೆತ ಕೇಳಿದ ಹದಿನಾರರ ಹುಡುಗನಿಗೆ ಸಿಗುವುದು ಕರೆ ಮಾತ್ರ, ಕಥೆಯಲ್ಲ. ಒಂದು ಹಾಡು ಕೇಳಿ ಯಾರೂ ಚಿಲುಮೆ ಹಿಡಿಯುವುದಿಲ್ಲವೆಂದು ವಾದಿಸುವ ಸ್ನೇಹಿತರು ನನಗಿದ್ದಾರೆ. ಇರಬಹುದು. ನಮ್ಮ ಹಾಸ್ಟೆಲಿನ ಹುಡುಗನಿಗೆ ಪೊಟ್ಟಣ ಕೊಟ್ಟದ್ದು ಹಾಡಲ್ಲ, ಕೋಣೆಯ ಜೊತೆಗಾರ. ಆದರೂ ಅದನ್ನು ಸೇದುವುದು ಗಂಡಸ್ತನವೆಂದೂ ಸೊಗಸೆಂದೂ ಅವನಿಗೆ ಮೊದಲೇ ಯಾರೋ ಹೇಳಿಟ್ಟಿದ್ದರಲ್ಲ!

ಮರುದಿನ ಹಾಡಬೇಕಿದ್ದ ಹುಡುಗಿಯನ್ನು ಕರೆಸಿದೆ. “ಇದು ಯಾವ ಚಿತ್ರದ್ದಮ್ಮ?” ಎಂದೆ.

“ಅಭಿಷೇಕ್ ಬಚ್ಚನ್‌ದಲ್ವಾ ಸರ್?” ಎಂದಳು. ಅವಳು ಬಲ್ಲದ್ದು 2011ರಲ್ಲಿ ಅದೇ ಹೆಸರಿನ ಚಿತ್ರಕ್ಕಾಗಿ ಹೊಸದಾಗಿ ಹೊಲಿದ ರೂಪವನ್ನು.

ನಾನು ಹಳೆಯ ಕಥೆಯನ್ನು ಹೇಳತೊಡಗಿದೆ. ಗಂಟೆ ಬಾರಿಸಿತು, ಅವಳು ಏಳಲಿಲ್ಲ. “ಕೊನೆಗೆ ತಂಗಿ ಸಿಕ್ಕಳಾ ಸರ್?” ಎಂದು ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಡಬಹುದಾ?” ಎಂದಳು. ನಾನು ಪಟ್ಟಿಗೆ ರುಜು ಹಾಕಿದೆ.

ಚೆನ್ನಾಗಿಯೇ ಹಾಡಿದಳು. ಹಿಂದಿನ ಬೆಂಚುಗಳಿಂದ ಸಿಳ್ಳೆಗಳು ಎದ್ದವು. ಅವರಿಗೆ ನಾನು ಕಥೆ ಹೇಳಿರಲಿಲ್ಲ.