‘ಸ್ಟೈಮಿ’: ಒಂದು ಇಂಗ್ಲಿಷ್ ಕ್ರಿಯಾಪದದ ಅರ್ಥ ಕುರಿತು ಟಿಪ್ಪಣಿ

1. ಪ್ರಶ್ನೆ

ಇಂದಿನ ಇಂಗ್ಲಿಷಿನಲ್ಲಿ ‘ಸ್ಟೈಮಿ’ ಎಂದರೆ ಕೆಲಸ ಮುಂದುವರಿಯದಂತೆ ತಡೆಯುವುದು. ‘ಇಂಪೀಡ್’, ‘ಹ್ಯಾಂಪರ್’ಗಳಲ್ಲಿ ಸಾಮಾನ್ಯವಾಗಿ ವೇಗ ಕುಂದುತ್ತದೆ, ಇಲ್ಲಿ ಕೆಲಸ ನಿಂತೇಹೋಗುವ ಛಾಯೆ ಹೆಚ್ಚು. ಈ ಭೇದ ಎಲ್ಲ ಪ್ರಯೋಗಗಳಿಗೂ ಒಪ್ಪುವುದಿಲ್ಲ. ಈ ಟಿಪ್ಪಣಿಯ ಪ್ರಶ್ನೆ ಬೇರೆ: ತಡೆಯುವವನ ಉದ್ದೇಶವೂ ಪದದ ಅರ್ಥದೊಳಗೆ ಸೇರಿದೆಯೇ?

2. ಕಾಲಕ್ರಮ

ಪದ ಗಾಲ್ಫ್ ಆಟದ್ದು, ಸ್ಕಾಟ್ಲೆಂಡಿನದು. ನಿಘಂಟುಕಾರರು ಕೊಡುವ ಮೊದಲ ದಾಖಲೆಗಳು: ನಾಮಪದಕ್ಕೆ 1834, ಕ್ರಿಯಾಪದಕ್ಕೆ 1857, ಆಟದ ಹೊರಗಿನ ಸಾಮಾನ್ಯ ಅರ್ಥಕ್ಕೆ 1902. ಇವು ಬರಹದ ವರ್ಷಗಳು. ಆಡುಮಾತಿನ ಬಳಕೆ ಇನ್ನೂ ಹಿಂದಿನದಿರಬಹುದು.

3. ನಿಯಮ

ಇಬ್ಬರು ಎದುರುಬದುರಾಗಿ ಆಡುವ ಮ್ಯಾಚ್ ಪ್ಲೇಯಲ್ಲಿ, ಒಬ್ಬನ ಚೆಂಡಿಗೂ ಕುಳಿಗೂ ನಡುವೆ ಎದುರಾಳಿಯ ಚೆಂಡು ನಿಂತರೆ ಅದು ಸ್ಟೈಮಿ. ಎರಡು ಚೆಂಡುಗಳ ಅಂತರ ಆರು ಇಂಚಿನೊಳಗಿದ್ದರೆ ಅಡ್ಡವಿರುವುದನ್ನು ಎತ್ತಿಸಬಹುದಿತ್ತು. ಹೆಚ್ಚಿದ್ದರೆ ಚೆಂಡನ್ನು ಅದರ ಮೇಲಿಂದ ಹಾರಿಸಬೇಕಿತ್ತು, ಇಲ್ಲವೇ ಬಳಸಿ ಉರುಳಿಸಬೇಕಿತ್ತು. ಎದುರಾಳಿ ಬೇಕೆಂದು ಅಡ್ಡ ನಿಲ್ಲಿಸಿದನೋ, ಚೆಂಡು ತಾನಾಗಿ ಬಂದು ನಿಂತಿತೋ ಎಂಬುದನ್ನು ನಿಯಮ ಗಣಿಸುತ್ತಿರಲಿಲ್ಲ. ಈ ಅಂಶ ಮುಖ್ಯ. 1930ರ ಬ್ರಿಟಿಷ್ ಅಮೆಚೂರ್ ಸ್ಪರ್ಧೆಯಲ್ಲಿ, ಸೇಂಟ್ ಆ್ಯಂಡ್ರೂಸಿನಲ್ಲಿ, ಬಾಬಿ ಜೋನ್ಸ್ ಮತ್ತು ಸಿರಿಲ್ ಟೋಲಿ ನಡುವಿನ ಪಂದ್ಯ 19ನೆಯ ಕುಳಿಯಲ್ಲಿ ಇಂಥದೇ ಅಡ್ಡಚೆಂಡಿನಿಂದ ಜೋನ್ಸ್ ಪರವಾಗಿ ತೀರ್ಮಾನವಾಯಿತು.

ನಿಯಮ ರದ್ದಾದದ್ದು ಕೆಲವೆಡೆ 1951 ಎಂದೂ ಕೆಲವೆಡೆ 1952 ಎಂದೂ ಕಾಣುತ್ತದೆ. ಬ್ರಿಟನ್ ಹಾಗೂ ಅಮೆರಿಕದ ಆಡಳಿತ ಸಂಸ್ಥೆಗಳು ಏಕರೂಪದ ನಿಯಮಾವಳಿಗೆ ಒಪ್ಪಿದ್ದು 1951ರಲ್ಲಿ, ಅದು ಜಾರಿಗೆ ಬಂದದ್ದು 1952ರಲ್ಲಿ. ಹಾಗಾಗಿ ಎರಡೂ ಪೂರ್ತಿ ತಪ್ಪಲ್ಲ.

4. ವ್ಯುತ್ಪತ್ತಿ

ಹೆಚ್ಚು ಪ್ರಚಲಿತವಾದ ಊಹೆಯ ಪ್ರಕಾರ ಇದು ದೃಷ್ಟಿ ಮಂದವಿರುವವನನ್ನು ಸೂಚಿಸುವ ಸ್ಕಾಟ್ಸ್ ಪದ: ಕುಳಿ ಕಾಣದಂತಾದವನು. ಇದಕ್ಕೊಂದು ಆಕ್ಷೇಪ ಸಾಧ್ಯ. ಕುಳಿಯ ವ್ಯಾಸ 4.25 ಇಂಚು, ಚೆಂಡಿನದು 1.7 ಇಂಚಿನ ಆಸುಪಾಸು. ನಿಂತು ನೋಡುವವನಿಗೆ ಕುಳಿ ಮರೆಯಾಗದು. ಆದರೆ ಕುಳಿಯ ಅಳತೆ ನಿಗದಿಯಾದದ್ದು 1891ರಲ್ಲಿ. 1834ರ ಆಟಕ್ಕೆ ಅದನ್ನು ಹಾಗೆಯೇ ಅನ್ವಯಿಸಲಾಗದು. ಆದ್ದರಿಂದ ಆಕ್ಷೇಪಕ್ಕೆ ಇರುವ ಬಲವೂ ಮಿತವಾದುದೇ. ‘ನನ್ನನ್ನು ತಡೆಯುತ್ತದೆ’ ಎಂಬರ್ಥದ ಡಚ್ ಮಾತಿನಿಂದ ಬಂದಿರಬಹುದೆಂಬ ಸೂಚನೆಯೂ ಇದೆ. ಧ್ವನಿಸಾಮ್ಯವೊಂದನ್ನೇ ನೆಚ್ಚಿ ಅದನ್ನು ಒಪ್ಪುವುದು ಕಷ್ಟ.

5. ಕನ್ನಡದಲ್ಲಿ

‘ಅಡ್ಡಗಾಲು ಹಾಕು’ ಎಂಬ ರೂಪ ಸುಲಭವಾಗಿ ನಾಲಿಗೆಗೆ ಬರುತ್ತದೆ. ಅದರಲ್ಲಿ ಮಾಡುವವನ ಕೇಡುಬುದ್ಧಿ ಅಡಗಿದೆ. ಮೂಲದಲ್ಲಿ ಅದು ಕಡ್ಡಾಯವಲ್ಲ. ಸಾಕ್ಷ್ಯದ ಕೊರತೆಯಿಂದ ತನಿಖೆ ನಿಂತಿತೆಂಬಲ್ಲಿಯೂ ಇಂಗ್ಲಿಷಿನವರು ಈ ಪದವನ್ನು ಬಳಸುತ್ತಾರೆ; ಸಾಕ್ಷ್ಯದ ಕೊರತೆ ಯಾರಿಗೂ ಅಡ್ಡಗಾಲು ಹಾಕುವುದಿಲ್ಲ. ಅಂಥ ಕಡೆ ‘ದಾರಿ ಕಟ್ಟಿತು’, ‘ಮುಂದೆ ಸಾಗದಾಯಿತು’ ಎಂಬ ರೂಪಗಳು ಹೆಚ್ಚು ಸಮೀಪದವು. ‘ಅಡ್ಡಗಾಲು’ ತಡೆದವನ ಉದ್ದೇಶ ವಾಕ್ಯದಲ್ಲೇ ಸ್ಪಷ್ಟವಿರುವ ಕಡೆಗೆ ಮಾತ್ರ ಸಲ್ಲುತ್ತದೆ.